ಎಷ್ಟು ಶಾಂತಿ ಮಾಡಿಸಿದರೆ ಸಾಕು? ಧರ್ಮಶಾಸ್ತ್ರ, ಪಾಪ, ಕೃಪೆ: ಓದುಗರೊಬ್ಬರ ಸಂದೇಹ

ಪ್ರಶ್ನೆ: ನಮ್ಮ ತಂದೆಯವರು 2021ರ ಮೇ ತಿಂಗಳಲ್ಲಿ, ವೈಶಾಖ ಶುಕ್ಲಪಕ್ಷದಲ್ಲಿ ಕೊರೊನಾದಿಂದ ತೀರಿಕೊಂಡರು. ಆಗ ನಾನು, ನನ್ನ ಹೆಂಡತಿ ಇಬ್ಬರೂ ಪಾಸಿಟಿವ್ ಆಗಿ ಮನೆಯಲ್ಲೇ ಇದ್ವಿ. ಆಸ್ಪತ್ರೆಯಿಂದ ನೇರವಾಗಿ ಮೇಡಿ ಅಗ್ರಹಾರದ ಚಿತಾಗಾರಕ್ಕೆ ಒಯ್ದರು. ಯಾರೋ ಸ್ವಯಂಸೇವಕರು ಬೆಂಕಿ ಕೊಟ್ಟರಂತೆ, ಅವರ ಹೆಸರು ಕೂಡ ಗೊತ್ತಿಲ್ಲ. ಅಪ್ಪನ ಬಾಯಿಗೆ ಒಂದು ಹನಿ ಗಂಗಾಜಲ ಬಿಡೋಕೆ ನನ್ನಿಂದ ಆಗಲಿಲ್ಲ. ಮೂರು ವಾರದ ಮೇಲೆ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು, ಪುರೋಹಿತರು ಹೇಳಿದಂತೆ ಉಳಿದ ಕರ್ಮಗಳನ್ನೆಲ್ಲ ಮಾಡಿದೆ. ಪ್ರತಿವರ್ಷ ಶ್ರಾದ್ಧ ತಪ್ಪಿಸಿಲ್ಲ. ಆದರೂ ಮಗಳಿಗೆ ಸಂಬಂಧ ಕೂಡಿ ಬರ್ತಿಲ್ಲ ಅಂತ ಜಾತಕ ತೋರಿಸಿದಾಗ ಪಿತೃದೋಷ ಇದೆ ಅಂದ್ರು. ಗೋಕರ್ಣದಲ್ಲಿ ನಾರಾಯಣಬಲಿ ಮಾಡಿಸಿದೆ. ಆಮೇಲೆ ತಿಲಹೋಮ ಆಯಿತು. ಈಗ ಇನ್ನೊಬ್ಬರು ತ್ರಿಪಿಂಡಿ ಶ್ರಾದ್ಧ ಆಗಲೇಬೇಕು, 60,000 ಖರ್ಚಾಗುತ್ತೆ ಅಂತಿದ್ದಾರೆ. ನಮ್ಮ ಬೀದಿಯಲ್ಲೇ ಬಾಡಿಗೆಗಿರುವ ಒಬ್ಬ ಕ್ರೈಸ್ತ ನರ್ಸ್ ನನ್ನ ಸಂಕಟ ನೋಡಿ ಒಂದು ಕನ್ನಡ ಪುಸ್ತಿಕೆ ಕೊಟ್ಟರು. ಧರ್ಮಶಾಸ್ತ್ರದಿಂದಲೂ ನೇಮನಿಷ್ಠೆಯಿಂದಲೂ ಪಾಪ ಹೋಗಲ್ಲ, ದೇವರ ಕೃಪೆಯಿಂದ ಮಾತ್ರ ಹೋಗುತ್ತೆ, ಮನುಷ್ಯ ಹೊಸದಾಗಿ ಹುಟ್ಟಬೇಕು ಅನ್ನೋದು ಅದರ ಸಾರಾಂಶ. ಓದಿ ಅತ್ತುಬಿಟ್ಟೆ. ಅದನ್ನು ಓದಿದ್ದು ತಪ್ಪಾ? ನಮ್ಮಲ್ಲಿ ಕೃಪೆ ಅನ್ನೋದೇ ಇಲ್ವಾ, ಎಲ್ಲಾ ಬರೀ ಲೆಕ್ಕಾಚಾರನಾ? ತ್ರಿಪಿಂಡಿ ಮಾಡಿಸಬೇಕಾ ಬೇಡವಾ? ಆ ನರ್ಸಮ್ಮನನ್ನು ಅಪ್ಪನ ಶ್ರಾದ್ಧದ ಊಟಕ್ಕೆ ಕರೆಯಬಹುದಾ?
(ಓದುಗರು, ಚಿಕ್ಕಬಾಣಾವರ, ಬೆಂಗಳೂರು)

ಉತ್ತರ: ತ್ರಿಪಿಂಡಿ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ದುಡ್ಡು ಹೊಂದಿಸುವ ಆತಂಕ ಕಾಣುತ್ತಿದೆ. ಮೂರು ವರ್ಷ ಮೇಲಿಂದ ಮೇಲೆ ಶ್ರಾದ್ಧ ನಿಂತುಹೋದ ಪಿತೃಗಳಿಗಾಗಿ, ಯಾರು ಎತ್ತ ಎಂದು ಗೊತ್ತಿಲ್ಲದೆ ಉಳಿದುಹೋದವರಿಗಾಗಿ ಸಾಮಾನ್ಯವಾಗಿ ತ್ರಿಪಿಂಡಿ ಹೇಳುತ್ತಾರೆ. ನೀವು ಒಂದು ವರ್ಷವೂ ಬಿಟ್ಟಿಲ್ಲ. ಇನ್ನು ನಾರಾಯಣಬಲಿ ಮುಖ್ಯವಾಗಿ ದುರ್ಮರಣಕ್ಕೆ ವಿಹಿತವಾದದ್ದು: ಆತ್ಮಹತ್ಯೆ, ಹಾವು ಕಚ್ಚಿದ್ದು, ನೀರಿಗೆ ಬೆಂಕಿಗೆ ಸಿಕ್ಕಿದ್ದು, ಇಂಥವು. ಕಾಯಿಲೆಯಿಂದ ಹಾಸಿಗೆಯಲ್ಲಿ ತೀರಿಕೊಂಡವರಿಗೆ ಅದರ ಅಗತ್ಯವಿತ್ತೇ ಎಂದೇ ಕೇಳಬಹುದಿತ್ತು. ಆದರೂ ಶ್ರದ್ಧೆಯಿಂದ ಮಾಡಿಸಿದ್ದೀರಿ, ಅದು ಆಯಿತು, ಮತ್ತೊಮ್ಮೆ ಬೇಕಿಲ್ಲ.

ಬೆಂಕಿ ಕೊಟ್ಟವರು ಯಾರೋ ಗೊತ್ತಿಲ್ಲ ಎಂಬ ಕೊರಗು ಬಿಡಿ. ಮಗನಿಗೆ ಆಗದಿದ್ದಾಗ ಮೊಮ್ಮಗ, ತಮ್ಮ, ದಾಯಾದಿ, ಶಿಷ್ಯ, ಸ್ನೇಹಿತ ಹೀಗೆ ಅಧಿಕಾರಿಗಳ ದೊಡ್ಡ ಸಾಲನ್ನೇ ನಮ್ಮ ಗ್ರಂಥಗಳು ಕೊಡುತ್ತವೆ. ಯಾರೂ ಇಲ್ಲದಿದ್ದರೆ ರಾಜನೇ ಮಾಡಿಸಬೇಕು ಎನ್ನುತ್ತವೆ, ಏಕೆಂದರೆ ಅನಾಥನಿಗೆ ರಾಜನೇ ಬಂಧು. ಅದೇ 2021ರ ಜೂನ್‌ನಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಕೇಳದೆ ಉಳಿದಿದ್ದ ಅಸ್ಥಿಗಳನ್ನು ರಾಜ್ಯ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ವಿಧಿಪೂರ್ವಕ ವಿಸರ್ಜಿಸಿತಲ್ಲ, ಅದು ಈ ಹಳೆಯ ವಿಧಿಯೇ. ಆ ದಿನಗಳಲ್ಲಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳ ಸಾಲು ನಿಂತಿತ್ತು. ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆ ಉರಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಮೈಮೇಲೆ ಪಿಪಿಇ ಕಿಟ್ ಹಾಕಿಕೊಂಡು ನಿಮ್ಮ ತಂದೆಗೆ ಅಗ್ನಿ ಕೊಟ್ಟವರು ನಿಮ್ಮ ಪ್ರತಿನಿಧಿಯಾಗಿ ಕೊಟ್ಟರು. ಅವರ ಕುಲಗೋತ್ರ ಹುಡುಕುವ ಬದಲು ಮುಂದಿನ ಶ್ರಾದ್ಧದಲ್ಲಿ ಅವರಿಗೂ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಿ.

ಈಗ ಪುಸ್ತಿಕೆಯ ವಿಷಯ. ಓದಿದ್ದು ತಪ್ಪಲ್ಲ. ಆದರೆ ಅದರಲ್ಲಿನ ಒಂದು ಪದ ನಿಮ್ಮನ್ನು ದಾರಿ ತಪ್ಪಿಸಿದೆ ಅನ್ನಿಸುತ್ತೆ. ಕನ್ನಡದ ಕ್ರೈಸ್ತರಲ್ಲಿ ಹೆಚ್ಚು ಬಳಕೆಯಲ್ಲಿರುವ ಬೈಬಲ್ ಅನುವಾದದಲ್ಲಿ ‘ಧರ್ಮಶಾಸ್ತ್ರ’ ಎಂದರೆ ಮನು, ಯಾಜ್ಞವಲ್ಕ್ಯ, ನಿರ್ಣಯಸಿಂಧು ಯಾವುದೂ ಅಲ್ಲ. ಯೆಹೂದ್ಯರಿಗೆ ಮೋಶೆಯ ಮೂಲಕ ಬಂದ ಕಟ್ಟಳೆ ಅದು: ದಶಾಜ್ಞೆಗಳು, ಸುನ್ನತಿ, ಸಬ್ಬತ್ ದಿನದ ವಿಶ್ರಾಂತಿ, ತಿನ್ನಬಹುದಾದ್ದು ತಿನ್ನಬಾರದ್ದು. ಕೆಲವು ಅನುವಾದಗಳು ಇದನ್ನೇ ‘ನ್ಯಾಯಪ್ರಮಾಣ’ ಎನ್ನುತ್ತವೆ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಬೈಬಲನ್ನು ಕನ್ನಡಕ್ಕೆ ತರಲು ಕೂತಾಗಿನಿಂದ ಈ ಕಷ್ಟ ಇದ್ದೇ ಇದೆ. ಹೊಸ ಅರ್ಥಕ್ಕೆ ಹೊಸ ಪದ ಎಲ್ಲಿಂದ ತರುತ್ತಾರೆ? ನಮ್ಮ ಮಠ, ಮನೆಗಳಲ್ಲಿ ಓಡಾಡುತ್ತಿದ್ದ ಪದಗಳನ್ನೇ ತೆಗೆದುಕೊಂಡರು. ಕೃಪೆ, ನೇಮನಿಷ್ಠೆ, ದೀಕ್ಷಾಸ್ನಾನ, ಎಲ್ಲವೂ ಹಾಗೆ ಬಂದವೇ. ನೀವು ‘ಧರ್ಮಶಾಸ್ತ್ರದಿಂದ ಪಾಪ ಹೋಗುವುದಿಲ್ಲ’ ಎಂದು ಓದಿದಾಗ ನಿಮ್ಮ ಕಣ್ಣ ಮುಂದೆ ಬಂದದ್ದು ಅಪ್ಪನ ತಿಲಹೋಮ. ಬರೆದವರ ಮನಸ್ಸಿನಲ್ಲಿದ್ದದ್ದು ಎರಡು ಸಾವಿರ ವರ್ಷದ ಹಿಂದಿನ ಇನ್ನೊಂದು ಜಗಳ.

ಆ ಜಗಳ ಏನೆಂದು ತಿಳಿದರೆ ಒಳ್ಳೆಯದೇ. ಪೌಲ ಎಂಬವನು ಯೆಹೂದ್ಯರಲ್ಲಿ ಫರಿಸಾಯ ಪಂಗಡದವನು, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಭಾರಿ ಮಡಿಯವನು. ಕಟ್ಟಳೆಯನ್ನು ಚಾಚೂ ತಪ್ಪದೆ ನಡೆಸಿದವನು. ಅಂಥವನೇ ಗಲಾತ್ಯದವರಿಗೂ ರೋಮಿನವರಿಗೂ ಬರೆದ ಪತ್ರಗಳಲ್ಲಿ ಹೇಳಿದ್ದು ಇದು: ಕಟ್ಟಳೆ ನನ್ನ ತಪ್ಪನ್ನು ತೋರಿಸಿತು, ತಪ್ಪು ಮಾಡದಿರುವ ಶಕ್ತಿಯನ್ನು ಕೊಡಲಿಲ್ಲ. ಕನ್ನಡಿ ಮುಖದ ಮಸಿ ತೋರಿಸುತ್ತೆ, ಒರೆಸೋದಿಲ್ಲ ಅಲ್ವಾ, ಹಾಗೆ. ಅವನೇ ಇನ್ನೊಂದು ಹೋಲಿಕೆ ಕೊಡುತ್ತಾನೆ. ಆ ಕಾಲದ ಸಿರಿವಂತರ ಮನೆಯಲ್ಲಿ ಹುಡುಗನನ್ನು ಕೈಹಿಡಿದು ಗುರುವಿನ ಹತ್ತಿರ ಬಿಟ್ಟುಬರಲು ಒಬ್ಬ ಆಳು ಇರುತ್ತಿದ್ದ. ಕಟ್ಟಳೆ ಆ ಆಳು, ಗುರುವಲ್ಲ. ಹಾಗಾದರೆ ಪಾಪ ಹೋಗುವುದು ಹೇಗೆ? ದೇವರು ತಾನಾಗಿ, ಅರ್ಹತೆ ನೋಡದೆ, ಕ್ರಿಸ್ತನ ಮರಣದ ಮೂಲಕ ಕ್ಷಮಿಸುತ್ತಾನೆ, ಅದನ್ನು ನಂಬಿ ಪಡೆಯಬೇಕು ಎನ್ನುವುದು ಅವರ ಉತ್ತರ.

ಹೊಸದಾಗಿ ಹುಟ್ಟುವ ಮಾತು ಯೋಹಾನನ ಸುವಾರ್ತೆಯಲ್ಲಿದೆ. ನಿಕೊದೇಮ ಎಂಬ ಹಿರಿಯ ಪಂಡಿತ ಯಾರಿಗೂ ಕಾಣದಂತೆ ರಾತ್ರಿ ಹೊತ್ತು ಯೇಸುವಿನ ಹತ್ತಿರ ಬರುತ್ತಾನೆ. ಮತ್ತೆ ಹುಟ್ಟಬೇಕು ಎಂದಾಗ ಅವನಿಗೆ ದಿಗಿಲಾಗುತ್ತೆ. ಇಷ್ಟು ವಯಸ್ಸಾದವನು ಮತ್ತೆ ತಾಯಿಯ ಹೊಟ್ಟೆ ಸೇರೋದು ಹೇಗೆ ಎಂದು ಮುಗ್ಧವಾಗಿ ಕೇಳುತ್ತಾನೆ. ಅಲ್ಲಿ ಹೇಳುತ್ತಿರುವುದು ದೇಹದ ಜನ್ಮವಲ್ಲ, ನೀರಿನಿಂದಲೂ ಆತ್ಮದಿಂದಲೂ ಆಗುವ ಜನ್ಮ. ನಮ್ಮ ಪುನರ್ಜನ್ಮಕ್ಕೂ ಇದಕ್ಕೂ ಸಂಬಂಧವಿಲ್ಲ. ಸತ್ತ ಮೇಲಿನದಲ್ಲ, ಬದುಕಿರುವಾಗಲೇ ಆಗಬೇಕಾದ್ದು.

ಇನ್ನೊಂದು ಸಂಗತಿ ನಿಮ್ಮ ಪರಿಸ್ಥಿತಿಗೆ ಎಷ್ಟು ಹತ್ತಿರ ಇದೆ ನೋಡಿ. ಕೃಪೆಯ ಈ ವಾದ ಯುರೋಪಿನಲ್ಲಿ ಮತ್ತೆ ಭುಗಿಲೆದ್ದದ್ದು 1517ರಲ್ಲಿ, ಜರ್ಮನಿಯ ಮಾರ್ಟಿನ್ ಲೂಥರ್ ಎಂಬ ಸಂನ್ಯಾಸಿಯಿಂದ. ಕಾರಣ ಏನು ಗೊತ್ತಾ? ಸತ್ತುಹೋದ ಬಂಧುಗಳು ಪರಲೋಕದ ಶುದ್ಧೀಕರಣ ಸ್ಥಳದಲ್ಲಿ ಯಾತನೆ ಪಡುತ್ತಿದ್ದಾರೆ, ಇಷ್ಟು ಹಣ ಕೊಟ್ಟರೆ ಬಿಡುಗಡೆ ಎಂದು ಕ್ಷಮಾಪತ್ರಗಳನ್ನು ಮಾರುತ್ತಿದ್ದರು. ಟೆಟ್ಸೆಲ್ ಎಂಬ ಬೋಧಕ ಅದರಲ್ಲಿ ಕುಖ್ಯಾತನಾದ. ತಂದೆತಾಯಿ ನರಳುತ್ತಿದ್ದಾರೆ ಎಂದರೆ ಯಾವ ಮಗನ ಕೈ ಜೇಬಿಗೆ ಹೋಗಲ್ಲ ಹೇಳಿ? ಲೂಥರ್ ಕೆರಳಿದ್ದು ಅದಕ್ಕೆ. ಪಿತೃಭಯದ ವ್ಯಾಪಾರ ಒಂದೇ ಮತದ ಸೊತ್ತಲ್ಲ. ಅಲ್ಲಿಯೂ ಇತ್ತು, ಇಲ್ಲಿಯೂ ಇದೆ. ನಿಮ್ಮನ್ನು ಅಳಿಸಿದ್ದು ಆ ಪುಸ್ತಿಕೆಯ ತತ್ವಕ್ಕಿಂತ ಹೆಚ್ಚಾಗಿ ‘ಇನ್ನು ಸಾಕು’ ಎಂದು ಯಾರೋ ಒಬ್ಬರು ಹೇಳಿದ್ದು ಅಂತ ನನಗೆ ಅನ್ನಿಸುತ್ತದೆ.

ಆ ‘ಸಾಕು’ ನಮ್ಮಲ್ಲಿಲ್ಲವೇ? ಭಾಗವತದ ಆರನೆಯ ಸ್ಕಂಧ ತೆಗೆಯಿರಿ. ಶುಕಮುನಿಗಳು ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂದಾಗ ಪರೀಕ್ಷಿತರಾಜ ನೀವು ಕೇಳಿದ್ದನ್ನೇ ಕೇಳುತ್ತಾನೆ. ಒಂದು ಕಡೆ ಪ್ರಾಯಶ್ಚಿತ್ತ, ಇನ್ನೊಂದು ಕಡೆ ಮತ್ತೆ ಪಾಪ, ಇದೇನು ಆನೆಯ ಸ್ನಾನವೇ? ಆನೆ ಕೆರೆಯಲ್ಲಿ ಮಿಂದು ದಡಕ್ಕೆ ಬಂದು ಸೊಂಡಿಲಿನಿಂದ ಮೈತುಂಬ ಧೂಳು ಎರಚಿಕೊಳ್ಳುತ್ತಲ್ಲ, ಹಾಗೆ. ಶುಕರು ಕೋಪ ಮಾಡಿಕೊಳ್ಳುವುದಿಲ್ಲ, ಹೌದು ಎನ್ನುತ್ತಾರೆ. ಕರ್ಮದಿಂದ ಕರ್ಮದ ಬೇರು ಕೀಳಲಾಗದು ಎಂದು ಒಪ್ಪಿಕೊಂಡೇ ಅಜಾಮಿಳನ ಕಥೆ ಹೇಳುತ್ತಾರೆ.

ಕಥೆ ನಿಮಗೆ ಗೊತ್ತೇ ಇದೆ, ಹರಿಕಥೆಗಳಲ್ಲಿ ಕೇಳಿರುತ್ತೀರಿ. ಆದರೆ ನಡುವಿನ ವಾದವನ್ನು ಹರಿಕಥೆಯಲ್ಲಿ ಸಾಮಾನ್ಯವಾಗಿ ಬೇಗ ದಾಟಿಸಿಬಿಡುತ್ತಾರೆ. ಕನ್ಯಾಕುಬ್ಜದ ಅಜಾಮಿಳ ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟವನು, ಮೋಸ ಕಳ್ಳತನದಿಂದ ಹೊಟ್ಟೆ ಹೊರೆದವನು. ಸಾಯುವಾಗ ಭಯದಿಂದ ಹತ್ತನೆಯ ಮಗನನ್ನು ‘ನಾರಾಯಣ’ ಎಂದು ಕೂಗುತ್ತಾನೆ. ಯಮದೂತರು ಪಾಶ ಹಿಡಿದು ನಿಂತಿದ್ದಾರೆ, ಅಷ್ಟರಲ್ಲಿ ವಿಷ್ಣುದೂತರು ಬರುತ್ತಾರೆ. ಆಗ ಯಮದೂತರು ಮಾತಾಡುವುದು ಪೂರ್ತಿ ಧರ್ಮಶಾಸ್ತ್ರವನ್ನೇ. ವೇದ ಹೇಳಿದ್ದು ಧರ್ಮ, ಅದಕ್ಕೆ ವಿರುದ್ಧವಾದದ್ದು ಅಧರ್ಮ, ಸೂರ್ಯ ಚಂದ್ರ ಅಗ್ನಿ ಎಲ್ಲರೂ ಸಾಕ್ಷಿ, ಇವನು ಪ್ರಾಯಶ್ಚಿತ್ತ ಮಾಡಿಕೊಂಡಿಲ್ಲ, ಹಾಗಾಗಿ ದಂಡ. ಅವರ ಮಾತಿನಲ್ಲಿ ಒಂದು ಸುಳ್ಳಿಲ್ಲ, ಲೆಕ್ಕ ಸರಿಯಾಗಿದೆ. ವಿಷ್ಣುದೂತರೂ ಲೆಕ್ಕ ತಪ್ಪು ಎನ್ನುವುದಿಲ್ಲ. ಲೆಕ್ಕಕ್ಕಿಂತ ದೊಡ್ಡದೊಂದು ಇದೆ, ಅವನ ಬಾಯಿಂದ ಹರಿಯ ಹೆಸರು ಬಂದಿದೆ ಎನ್ನುತ್ತಾರೆ. ನಮ್ಮ ಪುರಾಣವೇ ಶಾಸ್ತ್ರವನ್ನೂ ಕೃಪೆಯನ್ನೂ ಎದುರುಬದುರು ನಿಲ್ಲಿಸಿ ತೀರ್ಪು ಕೊಟ್ಟ ಜಾಗ ಇದು.

ಬಿಡುಗಡೆಯಾದ ಮೇಲೆ ಅಜಾಮಿಳ ಏನು ಮಾಡಿದ? ಪುಕ್ಕಟೆ ಪಾರಾದೆ ಎಂದು ಹಳೆಯ ಮನೆಗೆ ಹೋಗಲಿಲ್ಲ. ನಾಚಿಕೆಯಿಂದ ಬೆಂದು, ಎಲ್ಲವನ್ನೂ ಬಿಟ್ಟು ಗಂಗಾದ್ವಾರಕ್ಕೆ ಹೋಗಿ ಸಾಧನೆಗೆ ಕೂತ. ಆ ಹೊಸ ಬದುಕಿಗೆ ನಿಕೊದೇಮನಿಗೆ ಹೇಳಿದ ಹೆಸರನ್ನೇ ಕೊಟ್ಟರೂ ನನಗೆ ತಕರಾರಿಲ್ಲ. ಕೃಪೆ ಇದೆಯಲ್ಲ ಎಂದು ಪಾಪ ಮುಂದುವರಿಸಬಹುದೇ ಎಂಬ ಪ್ರಶ್ನೆಯನ್ನು ಪೌಲನೂ ಎತ್ತಿ ಖಡಾಖಂಡಿತ ಕೂಡದು ಎನ್ನುತ್ತಾನೆ. ನಮ್ಮಲ್ಲಿ ನಾಮದ ಬಲ ನಂಬಿಕೊಂಡು ಪಾಪ ಮಾಡುವುದನ್ನು ಹತ್ತು ನಾಮಾಪರಾಧಗಳಲ್ಲಿ ಒಂದೆಂದು ಎಣಿಸಿದ್ದಾರೆ.

ಬದುಕಿರುವಾಗಲೇ ಎರಡನೆಯ ಸಲ ಹುಟ್ಟುವ ಕಲ್ಪನೆಯೂ ನಮಗೆ ಹೊಸದಲ್ಲ. ದ್ವಿಜ ಎಂಬ ಮಾತಿನ ಅರ್ಥವೇ ಅದು. ಉಪನಯನದ ಜನ್ಮದಲ್ಲಿ ಗಾಯತ್ರಿ ತಾಯಿ, ಆಚಾರ್ಯ ತಂದೆ. ಐತರೇಯ ಬ್ರಾಹ್ಮಣದಲ್ಲಿ ಸೋಮಯಾಗದ ದೀಕ್ಷೆಯ ವರ್ಣನೆ ಓದಿದರೆ ಮೈ ಜುಮ್ಮೆನ್ನುತ್ತೆ. ದೀಕ್ಷಿತನನ್ನು ಋತ್ವಿಜರು ಮತ್ತೆ ಭ್ರೂಣವಾಗಿಸುತ್ತಾರೆ, ಅವನು ಕೂರುವ ಗುಡಿಸಲೇ ಗರ್ಭ, ಹೊದೆಯುವ ಬಟ್ಟೆಯೇ ಗರ್ಭದ ಪೊರೆ, ಹೊಟ್ಟೆಯೊಳಗಿನ ಮಗುವಿನಂತೆ ಮುಷ್ಟಿ ಬಿಗಿಹಿಡಿದು ಕೂರಬೇಕು. ವೀರಶೈವರಲ್ಲಿ ಲಿಂಗದೀಕ್ಷೆಯೇ ಹೊಸ ಜನ್ಮ. ಆಮೇಲೆ ಹುಟ್ಟು ಸಾವಿನ ಸೂತಕಗಳೇ ಇಲ್ಲ ಎಂದು 12ನೆಯ ಶತಮಾನದ ಶರಣರು ಗಟ್ಟಿಯಾಗಿ ಹೇಳಿದರು. ಶ್ರೀವೈಷ್ಣವರಲ್ಲಿ ಪಂಚಸಂಸ್ಕಾರ, ಶರಣಾಗತಿ. ಮೇಲುಕೋಟೆ ಕಡೆಯ ಹಿರಿಯರನ್ನು ಕೇಳಿ, ವಡಗಲೈ ತೆಂಗಲೈ ವಾದ ಅರ್ಧ ಇದರ ಮೇಲೇ ನಿಂತಿದೆ. ಕೋತಿಮರಿ ತಾಯಿಯನ್ನು ತಾನೇ ಅವಚಿಕೊಂಡಿರಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತೆ. ದೇವರ ಕೃಪೆಗೆ ನಮ್ಮ ಕಡೆಯಿಂದ ಏನಾದರೂ ಹಿಡಿತ ಬೇಕೇ ಬೇಡವೇ ಎಂದು ಶತಮಾನಗಟ್ಟಲೆ ಚರ್ಚಿಸಿದವರಿಗೆ ಕೃಪೆ ಗೊತ್ತಿಲ್ಲ ಎನ್ನಲಾದೀತೇ? ಮಧ್ವಮತದಲ್ಲೂ ಕೊನೆಗೆ ಮೋಕ್ಷ ವಿಷ್ಣುವಿನ ಪ್ರಸಾದದಿಂದಲೇ. ಶಂಕರರು ಕರ್ಮ ಚಿತ್ತಶುದ್ಧಿಗೆ ಮಾತ್ರ ಎಂದರು. ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ತಂದವರು, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಕೃಪೆಯನ್ನು ಬೋಧಿಸಲು ಬಂದ ಪಾದ್ರಿಯ ಕಿವಿಗೆ ಆ ಪದಗಳಲ್ಲಿ ಏನೋ ಪರಿಚಿತವಾದದ್ದು ಕೇಳಿಸಿರಲೇಬೇಕು.

ಹಾಗೆಂದು ಎರಡೂ ಒಂದೇ ಎನ್ನಲಾರೆ. ಅವರಿಗೆ ಪಾಪ ಎಂದರೆ ಬಿಡಿ ಬಿಡಿ ತಪ್ಪಿಗಿಂತ ಹೆಚ್ಚಾಗಿ ಮನುಷ್ಯ ಹುಟ್ಟಿದ ಸ್ಥಿತಿಯೇ. ನಮಗೆ ಅದು ಮಾಡಿದ ಕರ್ಮ, ಅದರ ಹಿಂದೆ ಅನಾದಿಯಾದ ಅಜ್ಞಾನ. ಅವರಿಗೆ ಒಂದೇ ಜನ್ಮ, ಒಬ್ಬನೇ ರಕ್ಷಕ, ಒಂದೇ ಸಲದ ಬಲಿ. ಈ ‘ಒಂದೇ’ ಎಂಬಲ್ಲಿ ನಾವು ಬೇರೆಯಾಗುತ್ತೇವೆ. ನರ್ಸಮ್ಮ ಮುಂದೆ ಮಾತು ತೆಗೆದರೆ ಅದನ್ನು ನಗುಮುಖದಿಂದ ಹೇಳಿ, ಪುಸ್ತಿಕೆಯನ್ನು ಗೌರವದಿಂದಲೇ ಹಿಂತಿರುಗಿಸಿ.

ಕರ್ಮದ ಮಾತಿಗೆ ವಾಪಸ್ ಬರುತ್ತೇನೆ. ಈ ಎಲ್ಲ ಗೊಂದಲಕ್ಕೆ ಮೂಲ, ಶ್ರಾದ್ಧವನ್ನು ನೀವು ಪಾಪದ ದಂಡ ಎಂದು ತಿಳಿದಿರುವುದು. ಪಿತೃಗಳ ವಿಷಯದಲ್ಲಿ ಶಾಸ್ತ್ರ ಬಳಸುವ ಪದ ಋಣ. ಋಣ ಬೇರೆ, ಪಾಪ ಬೇರೆ. ಸಾಕಿ ಸಲಹಿದವರಿಗೆ ಕೊಡಬೇಕಾದ್ದು ಋಣ, ಅದನ್ನು ಕೈಲಾದಷ್ಟು ಕೊಡುತ್ತ ಹೋಗುವುದು. ಎಷ್ಟು ಕೈಲಾದಷ್ಟು? ವಿಷ್ಣುಪುರಾಣದ ಮೂರನೆಯ ಅಂಶದಲ್ಲಿ ಔರ್ವಮುನಿ ಸಗರನಿಗೆ ಹೇಳುವ ಕ್ರಮ ನೋಡಿ. ಅನ್ನದಿಂದ ಮಾಡು, ಆಗದಿದ್ದರೆ ಹಸಿ ಧಾನ್ಯ ಕೊಡು, ಅದೂ ಇಲ್ಲವೇ ಒಂದು ಹಿಡಿ ಎಳ್ಳು, ಅದಕ್ಕೂ ಗತಿಯಿಲ್ಲದಿದ್ದರೆ ಏಳೆಂಟು ಎಳ್ಳು ಸೇರಿಸಿದ ನೀರು, ಇಲ್ಲವೇ ಹಸುವಿಗೆ ಒಂದು ದಿನದ ಹುಲ್ಲು. ಏನೇನೂ ಇಲ್ಲದವನು ಕಾಡಿಗೆ ಹೋಗಿ ಎರಡೂ ತೋಳೆತ್ತಿ, ನನ್ನ ಬಳಿ ಧನವಿಲ್ಲ, ಭಕ್ತಿಯೊಂದೇ ಇದೆ, ಅದರಿಂದಲೇ ತೃಪ್ತರಾಗಿ ಎಂದು ಪಿತೃಗಳಿಗೆ ಕೂಗಿ ಹೇಳಿದರೆ ಅದೂ ಶ್ರಾದ್ಧವೇ. ತೋಳೆತ್ತಿ ನಿಂತವನಿಂದ ಶ್ರಾದ್ಧ ಸ್ವೀಕರಿಸುವ ಪಿತೃಗಳು ನಿಮ್ಮ 60,000ಕ್ಕಾಗಿ ಮೊಮ್ಮಗಳ ಮದುವೆ ತಡೆದು ಕೂತಿದ್ದಾರೆ ಅಂದರೆ ನಂಬೋ ಮಾತಾ?

ನಿಜವಾದ ಪಾಪವಿದ್ದರೂ ಅದಕ್ಕೆ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಹೇಳುವುದು ತಪ್ಪನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು, ಪಶ್ಚಾತ್ತಾಪ, ತಪಸ್ಸು, ಅಧ್ಯಯನ. ದಾನ ಬರುವುದು ಕೊನೆಯಲ್ಲಿ, ಅದೂ ಉಳಿದದ್ದು ಮಾಡಲಾಗದ ಆಪತ್ತಿನಲ್ಲಿ. ಪ್ರತಿ ಪೂಜೆ, ಪ್ರತಿ ಶ್ರಾದ್ಧದ ಕೊನೆಗೆ ಪುರೋಹಿತರು ಅಚ್ಯುತ, ಅನಂತ, ಗೋವಿಂದ ಎಂದು ಮೂರು ನಾಮ ಹೇಳಿಸಿ ನೀರು ಬಿಡಿಸುತ್ತಾರಲ್ಲ, ಅದು ಯಾಕೆ ಎಂದು ಬಹಳ ಜನ ಕೇಳುವುದೇ ಇಲ್ಲ. ಮಂತ್ರದಲ್ಲಿ, ಕ್ರಿಯೆಯಲ್ಲಿ, ದ್ರವ್ಯದಲ್ಲಿ ಏನೇ ಕೊರತೆಯಾಗಿದ್ದರೂ ಈ ನಾಮದಿಂದ ಅದು ತುಂಬಿತು, ಮಾಡಿದ್ದೆಲ್ಲ ಅವನಿಗೇ ಅರ್ಪಿತ ಎಂದು ಅದರ ಅರ್ಥ. ವಿಧಿಯ ಒಳಗೇ ಕೃಪೆಗೆ ಬಾಗಿಲಿಟ್ಟಿದ್ದಾರೆ. ನೀವು ಪ್ರತಿವರ್ಷ ಆ ನೀರು ಬಿಟ್ಟಿದ್ದೀರಿ. ಹಾಗಿದ್ದ ಮೇಲೆ ಕೊರತೆ ಉಳಿದಿದೆ ಎನ್ನುವವರು ಆ ನಾಮವನ್ನೇ ನಂಬಿಲ್ಲ ಎಂದಾಯಿತು.

ಇನ್ನು ಅಪ್ಪನ ಬಾಯಿಗೆ ಒಂದು ಹನಿ ನೀರು ಬಿಡಲಾಗಲಿಲ್ಲ ಎಂದಿರಿ. ಉಳಿದ ಎಲ್ಲ ಪ್ರಶ್ನೆಗಳ ಕೆಳಗೆ ಇರುವುದು ಅದೇ, ಅದು ದೋಷವಲ್ಲ, ದುಃಖ. ಯಾವ ಹೋಮಕುಂಡದಲ್ಲೂ ಅದನ್ನು ಸುಡಲಾಗದು, ಸುಡಬೇಕಾಗಿಯೂ ಇಲ್ಲ. ನಿಮ್ಮ ಪಕ್ಕದವರು ನರ್ಸ್ ಅಂತೀರಿ. ಒಂದು ಸಂಜೆ ಅವರನ್ನೇ ಕೇಳಿ, ಆ ದಿನಗಳಲ್ಲಿ ವಾರ್ಡಿನಲ್ಲಿ ಒಬ್ಬರೇ ಮಲಗಿದ್ದವರಿಗೆ ಯಾರು ನೀರು ಕುಡಿಸುತ್ತಿದ್ದರು, ತುಟಿ ಒಣಗಿದಾಗ ಯಾರು ಒದ್ದೆ ಹತ್ತಿ ಒತ್ತುತ್ತಿದ್ದರು ಎಂದು. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ, ಮನೆಯವರೂ ಜೊತೆಗಿರಲಿ. ಮಗ ಬರಲಾಗದ ಕಡೆ ಭಗವಂತ ಯಾವ ಕೈಯಿಂದ ನೀರು ಬಿಡಿಸಿದನೋ ಅದಕ್ಕೆ ಕುಲಗೋತ್ರ ಕೇಳಬೇಡಿ.

ಪ್ರತಿ ಅಮಾವಾಸ್ಯೆ ಎಳ್ಳು ನೀರು ಬಿಡುವುದು, ವೈಶಾಖದ ತಿಥಿಯಲ್ಲಿ ಶ್ರಾದ್ಧ, ಭಾದ್ರಪದ ಬಹುಳದಲ್ಲಿ ಮಹಾಲಯ, ಇಷ್ಟು ನಡೆಸಿಕೊಂಡು ಹೋಗಿ. ಬೇರೆ ಹೊಸ ಕರ್ಮ ಯಾವುದೂ ಬೇಕಿಲ್ಲ. ತ್ರಿಪಿಂಡಿಗೆ ಮುಂಗಡ ಕೊಟ್ಟಿದ್ದರೆ ಸಂಕೋಚಪಡದೆ ವಾಪಸ್ ಕೇಳಿ. ಮಗಳ ಜಾತಕವನ್ನು ಸ್ವಲ್ಪ ದಿನ ಬೀರುವಿನಲ್ಲಿಡಿ, ಹುಡುಗಿಯನ್ನು ಕೂರಿಸಿಕೊಂಡು ಅವಳಿಗೆ ಏನು ಬೇಕೆಂದು ಕೇಳಿ. ಊಟದ ವಿಷಯ: ಶ್ರಾದ್ಧದ ದಿನ ಹೊರಗಿನವರನ್ನು ಕರೆಯದಿರುವುದು ಹಲವು ಮನೆಗಳ ರೂಢಿ, ನಿಮ್ಮ ಮನೆಯಲ್ಲಿ ಹಾಗಿದ್ದರೆ ಮುರಿಯಬೇಡಿ. ಬದಲಿಗೆ ಮರುದಿನವೋ ಆ ವಾರದ ಭಾನುವಾರವೋ ತಂದೆಯ ಹೆಸರಿನಲ್ಲಿ ಅಡುಗೆ ಮಾಡಿಸಿ ಆ ನರ್ಸಮ್ಮನನ್ನೂ, ಸಾಧ್ಯವಾದರೆ ಅವರ ಜೊತೆ ಕೆಲಸ ಮಾಡುವ ಇನ್ನಿಬ್ಬರನ್ನೂ ಕರೆದು ಬಾಳೆಲೆ ಹಾಕಿ ಬಡಿಸಿ. ಪಾಯಸ ಇರಲಿ. ನೈಟ್ ಡ್ಯೂಟಿ ಇದ್ದರೆ ಮೊದಲೇ ಕೇಳಿ ದಿನ ಗೊತ್ತುಮಾಡಿಕೊಳ್ಳಿ.